ಕೈಯಿಂದ ಕೈಗೆ

ಹಿರಿಯ ಪ್ರಾಥಮಿಕ ಶಾಲೆಗಳ ಕ್ರೀಡಾಕೂಟದಲ್ಲಿ ನನ್ನ ಮನಸ್ಸು ನಿಲ್ಲುವುದು ರಿಲೇ ಓಟದಲ್ಲಿ. 4x100 ಮೀಟರ್ ರಿಲೇಯಲ್ಲಿ ಬ್ಯಾಟನ್ ದಾಟಿಸಲು ಸಿಗುವುದು 30 ಮೀಟರ್ ಮಾತ್ರ. ಮುಂದಿನ ಹುಡುಗಿ ಓಟ ಶುರುಮಾಡಿ, ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚುತ್ತಾಳೆ. ಗೆಳತಿ ಬಂದೇ ಬರುತ್ತಾಳೆಂಬ ಭರವಸೆ ಅದು; ದಿನವೂ ಒಟ್ಟಿಗೆ ಬೆವರು ಸುರಿಸಿದವರಿಗಷ್ಟೇ ಒಲಿಯುವಂಥದ್ದು. ಹನ್ನೆರಡರ ವಯಸ್ಸಿಗೆ ಇಂಥ ನಂಬಿಕೆಯನ್ನು ಯಾವ ಪಠ್ಯ ಕಲಿಸೀತು? ಬ್ಯಾಟನ್ ಬಿದ್ದರೂ ಓಟ ಮುಗಿಯುವುದಿಲ್ಲ. ಬೀಳಿಸಿದವಳೇ ಎತ್ತಿಕೊಂಡು ಓಡಬಹುದು, ನಿಯಮವೇ ಹಾಗಿದೆ. ಶಿಕ್ಷಕರು ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದೂ 4x400 ಮೀಟರ್ ರಿಲೇಯಲ್ಲೇ, ಮೂವರು ಗೆಳತಿಯರ ಜೊತೆ. ಪಾಲಕರೇ, ಪರೀಕ್ಷೆಯ ನೆಪದಲ್ಲಿ ಮಕ್ಕಳನ್ನು ತಂಡದಿಂದ ಬಿಡಿಸಬೇಡಿ. ಈ ಸಂಜೆಯೂ ಅವರನ್ನು ಮೈದಾನಕ್ಕೆ ಕಳುಹಿಸಿಕೊಡಿ.