ಕಂಪನಿ ಕಟ್ಟಿದವರು ನಾಡು ನಡೆಸಬಲ್ಲರೇ?



"ಈ ರಾಜಕಾರಣಿಗಳ ಸಹವಾಸ ಸಾಕು, ಕಂಪನಿ ಕಟ್ಟಿದವರಿಗೆ ಅಧಿಕಾರ ಕೊಡಿ" ಎಂಬ ಮಾತು ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ದಿನವೂ ಕೇಳಿಬರುತ್ತದೆ. ರಸ್ತೆಗುಂಡಿ ನೋಡಿ ರೋಸಿಹೋದವರ ಮಾತು ಅದು. ನಾನು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ನೆಲದಲ್ಲೇ ಈ ಪರೀಕ್ಷೆ ನಡೆದಿದೆ. ಫಲಿತಾಂಶ ನೋಡಿ.

ಬೆಂಗಳೂರು ದಕ್ಷಿಣದಲ್ಲಿ 2009ರಲ್ಲಿ ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಪಕ್ಷೇತರರಾಗಿ ನಿಂತು ಸೋತರು. 2014ರಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಕಾಂಗ್ರೆಸ್ಸಿನಿಂದ ನಿಂತು, ಅನಂತಕುಮಾರ್ ಎದುರು 2 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದವರು ವಿಜಯ್ ಮಲ್ಯ, 2002ರಲ್ಲಿ ಮತ್ತು 2010ರಲ್ಲಿ. ಎಲ್ಲಿಗೆ? ರಾಜ್ಯಸಭೆಗೆ! ಮತ ಹಾಕಿದ್ದು ನೀವಲ್ಲ, ಶಾಸಕರು. 2012ರಲ್ಲಿ ಅವರ ಕಿಂಗ್‌ಫಿಷರ್ ವಿಮಾನಗಳು ನೆಲ ಕಚ್ಚಿದವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. 2016ರಲ್ಲಿ ಬ್ಯಾಂಕುಗಳ ಸಾಲ ಬಾಕಿ ಇರುವಾಗಲೇ ಅವರು ದೇಶ ಬಿಟ್ಟರು. ಅಂದೂ ಅವರು ಕರ್ನಾಟಕದ ಸಂಸದರೇ!

ಮೂವರಿಗೂ ಜಾಣ್ಮೆಯಿತ್ತು. ವ್ಯತ್ಯಾಸ ಇಷ್ಟೇ: ಮೊದಲ ಇಬ್ಬರು ನಿಮ್ಮ ಮನೆಬಾಗಿಲಿಗೆ ಬಂದು ಕೈಮುಗಿದು ಮತ ಕೇಳಿದರು. ಅದು ಗೌರವದ ಸೋಲು.

ಸಾಮರ್ಥ್ಯ ಬೇಡವೇ? ಖಂಡಿತ ಬೇಕು. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಬೆಂಗಳೂರಿಗಾಗಿ ಕಾರ್ಯಪಡೆ ರಚಿಸಿ ನಿಲೇಕಣಿಯವರನ್ನೇ ಅಧ್ಯಕ್ಷರನ್ನಾಗಿ ಮಾಡಿತ್ತು. ಆದರೆ ನೇಮಕವಾದವರು ನೇಮಿಸಿದವರಿಗೆ ಉತ್ತರ ಕೊಟ್ಟರೆ ಸಾಕು. ಆಯ್ಕೆಯಾದವರು ಜನಕ್ಕೆ ಉತ್ತರ ಕೊಡಬೇಕು. ಕಂಪನಿಯಲ್ಲಿ ಲಾಭ ತಾರದ ಶಾಖೆಯನ್ನು ಮುಚ್ಚಬಹುದು. ನಷ್ಟವೆಂದು ಹಳ್ಳಿಯ ಕನ್ನಡ ಶಾಲೆಯನ್ನು ಮುಚ್ಚಲಾದೀತೇ? ಕಂಪನಿಯಲ್ಲಿ ಬೇಡದ ನೌಕರನನ್ನು ಕಳಿಸಬಹುದು. ತೆರಿಗೆ ಕಟ್ಟಲಾಗದ ಮುದುಕಿಯನ್ನು ನಾಡಿನಿಂದ ಕಳಿಸಲಾದೀತೇ? ಗಿರಾಕಿಗೆ ಜೇಬಿನಲ್ಲಿದ್ದಷ್ಟು ಬೆಲೆ. ಪ್ರಜೆಗೆ ಹಾಗಲ್ಲ, ಕೋಟ್ಯಧಿಪತಿಗೂ ಕೂಲಿಯವನಿಗೂ ಒಂದೊಂದೇ ಮತ. ಈ ಮೌಲ್ಯ ಒಪ್ಪದವನ ಜಾಣ್ಮೆ ನಮಗೆ ಉಪಯೋಗಕ್ಕಲ್ಲ, ಅಪಾಯಕ್ಕೆ.

ಹಾಗೆಂದು ಹಳೇ ರಾಜಕಾರಣಿಗಳೆಲ್ಲ ಮೌಲ್ಯವಂತರು ಎಂದು ನಾನು ಹೇಳಿದೆನೇ? ಇಲ್ಲ! ಇಬ್ಬರಿಗೂ ಒಂದೇ ತಕ್ಕಡಿ ಇರಲಿ.

ನಾಳೆ ಉದ್ಯಮಿಯೊಬ್ಬರು ಮತ ಕೇಳಲು ಬಂದರೆ ಸೆಲ್ಫಿಗೆ ಮುಗಿಬೀಳಬೇಡಿ. ಮೂರು ಪ್ರಶ್ನೆ ಕೇಳಿ. ನಿಮ್ಮ ವ್ಯಾಪಾರಕ್ಕೂ ನಮ್ಮ ಹಿತಕ್ಕೂ ತಿಕ್ಕಾಟ ಬಂದರೆ ಯಾವುದನ್ನು ಬಿಡುತ್ತೀರಿ? ಸೋತರೂ ನಮ್ಮ ಬೀದಿಗೆ ಬರುತ್ತೀರಾ? ಇದಕ್ಕೆಲ್ಲ ನಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತೀರಾ?

ಕೊನೆಯ ಪ್ರಶ್ನೆ ನಿಮಗೆ. 2024ರಲ್ಲಿ ಇದೇ ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಮಂದಿ. ಉಳಿದವರಲ್ಲಿ ನೀವಿದ್ದಿರಾ? ಇದ್ದರೆ, ಕ್ಯಾಂಟೀನಿನ ಮಾತು ಅಲ್ಲಿಗೇ ನಿಲ್ಲಲಿ. ಮೊದಲು ಮತಗಟ್ಟೆಗೆ ಬನ್ನಿ.