ರೈಸ್ ಎಂಬ ಮನೆತನದ ಹೆಸರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ನಿಂತು ‘ಮುನಿಯಪ್ಪನವರೆ’ ಎಂದು ಯಾರಾದರೂ ಗಟ್ಟಿಯಾಗಿ ಕೂಗಿದರೆ, ಒಬ್ಬರಿಗಿಂತ ಹೆಚ್ಚು ಮಂದಿ ತಿರುಗಿ ನೋಡುವರು. ಕೂಗಿದವನು ಆಗ ಮತ್ತೊಂದು ಮಾತನ್ನು ಸೇರಿಸಲೇಬೇಕಾಗುತ್ತದೆ. ಚರಕದ ಮುನಿಯಪ್ಪನೆಂದರೆ ಕಸುಬಿನ ಗುರುತು. ಕೆರೆ ಹಿಂದಿನ ಮುನಿಯಪ್ಪನೆಂದರೆ ಸ್ಥಳದ ಗುರುತು. ಪಿಳ್ಳಪ್ಪನ ಮಗ ಮುನಿಯಪ್ಪನೆಂದರೆ ತಂದೆಯ ಗುರುತು. ಉದ್ದನೆಯ ಮುನಿಯಪ್ಪನೆಂದರೆ ಆಕಾರದ ಗುರುತು. ಲೋಕದಲ್ಲಿ ಮನುಷ್ಯರಿಗೆ ಎರಡನೆಯ ಹೆಸರು ಹುಟ್ಟಿದುದು ಈ ನಾಲ್ಕು ದಾರಿಗಳಿಂದಲೇ ಎಂದು ಸ್ಥೂಲವಾಗಿ ಹೇಳಬಹುದು. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಸ್ಮಿತ್ ಎಂಬುದು ಕಮ್ಮಾರನ ಹೆಸರು. ಹಿಲ್ ಎಂಬುದು ಗುಡ್ಡದ ಬಳಿಯಿದ್ದವನದು. ಜಾನ್‌ಸನ್ ಎಂಬುದು ಜಾನನ ಮಗನದು. ಬ್ರೌನ್ ಎಂಬುದು ಕಂದು ಬಣ್ಣದವನದು. ವ್ಯತ್ಯಾಸವೆಲ್ಲ ಇಷ್ಟೇ. ನಮ್ಮ ಮಾರುಕಟ್ಟೆಯಲ್ಲಿ ಆ ಗುರುತು ಮುನಿಯಪ್ಪನೊಡನೆಯೇ ಮುಗಿದುಹೋಗುತ್ತದೆ. ಅಲ್ಲಿ ಅದು ಮಕ್ಕಳಿಗೂ ಮೊಮ್ಮಕ್ಕಳಿಗೂ ಆಸ್ತಿಯಂತೆ ಇಳಿದುಬಂದಿತು.

ಅಂತಹ ಹೆಸರುಗಳಲ್ಲಿ ಒಂದನ್ನು ಮಾತ್ರ ನಾವು ಈ ಹೊತ್ತು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅದು ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾದ ರೈಸ್ ಎಂಬ ಹೆಸರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಿಗೂ ಆ ಹೆಸರಿಗೂ ಒಂದು ನಂಟುಂಟು. ಈ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಆ ಜಿಲ್ಲೆಯ ಶಾಸನಗಳನ್ನೆಲ್ಲ ಹುಡುಕಿಸಿ, ಓದಿಸಿ, 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ ಹತ್ತನೆಯ ಸಂಪುಟವಾಗಿ ಪ್ರಕಟಿಸಿದವರು ಬೆಂಜಮಿನ್ ಲೂಯಿ ರೈಸ್ ಅವರು. ಇವರು ಹುಟ್ಟಿದುದು 1837ರಲ್ಲಿ, ಬೆಂಗಳೂರಿನಲ್ಲಿ. ಇವರ ತಂದೆ ಲಂಡನ್ ಮಿಷನ್ನಿನ ಪಾದ್ರಿಗಳಾಗಿ ಬಂದು ಇಲ್ಲಿ ಬಹುಕಾಲ ಕೆಲಸಮಾಡಿದರು. ಸೋದರರಾದ ಎಡ್ವರ್ಡ್ ರೈಸ್ ಅವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಹೀಗೆ ಒಂದೇ ಮನೆತನದ ಎರಡು ತಲೆಮಾರು ಕನ್ನಡ ನಾಡಿಗೆ ಸಂದಿದೆ.

ರೈಸ್ ಎಂದೊಡನೆ ನಮ್ಮಲ್ಲಿ ಯಾರಿಗಾದರೂ ಅಕ್ಕಿಯ ನೆನಪು ಬರುವುದು ಸಹಜ. ರಾಗಿಯನ್ನುಂಡು ಬೆಳೆದ ಈ ಸೀಮೆಯ ಜನ, ಶಾಸನಗಳ ದೊರೆಗೆ ಅಕ್ಕಿಯ ಹೆಸರೇಕೆ ಬಂದಿತೆಂದು ನಗೆಯಾಡಿದರೆ ತಪ್ಪಲ್ಲ. ಆದರೆ ಆ ಹೆಸರಿಗೂ ಧಾನ್ಯಕ್ಕೂ ಯಾವ ಸಂಬಂಧವೂ ಇಲ್ಲ. ಮೂಲತಃ ಅದು ಇಂಗ್ಲಿಷ್ ಮಾತೇ ಅಲ್ಲ. ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಗುಡ್ಡಗಾಡಿನ ದೇಶವುಂಟು. ಅಲ್ಲಿನ ಭಾಷೆ ಬೇರೆ, ಕಾವ್ಯಸಂಪ್ರದಾಯವೂ ಬೇರೆ. ಆ ಭಾಷೆಯಲ್ಲಿ ರೀಸ್ ಎಂಬುದು ಗಂಡುಮಕ್ಕಳಿಗೆ ಇಡುವ ಹೆಸರು. ಆವೇಶ, ಉತ್ಸಾಹ ಎಂಬುದು ಅದರ ಅರ್ಥ. 15ನೆಯ ಶತಮಾನದಿಂದೀಚೆಗೆ ಇಂಗ್ಲಿಷಿನ ದೀರ್ಘಸ್ವರಗಳು ಸ್ಥಾನಪಲ್ಲಟ ಹೊಂದಿ ‘ಈ’ಕಾರವು ‘ಐ’ಕಾರವಾಗುತ್ತ ಬಂದಿತು. ಇಂಗ್ಲಿಷರ ಬಾಯಿಗೆ ಬಿದ್ದ ರೀಸ್ ರೈಸ್ ಆಯಿತು. ವೇಲ್ಸಿನಲ್ಲಿಯೇ ಉಳಿದುದು ರೀಸ್ ಆಗಿಯೇ ಉಳಿಯಿತು.

ವೇಲ್ಸಿನ ಹಳೆಯ ಪದ್ಧತಿಯನ್ನು ನೋಡಿದರೆ ನಮಗೆ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಂತಾಗುತ್ತದೆ. ಅಲ್ಲಿ ವಂಶದ ಹೆಸರೆಂಬುದು ಇರಲಿಲ್ಲ. ತನ್ನ ಹೆಸರು, ನಡುವೆ ‘ಆಪ್’ ಎಂಬ ಮಾತು, ಬಳಿಕ ತಂದೆಯ ಹೆಸರು, ಇಷ್ಟೇ. ಆಪ್ ಎಂದರೆ ಮಗ. ದಕ್ಷಿಣ ವೇಲ್ಸಿನ ರಾಜನೊಬ್ಬನು ರೀಸ್ ಆಪ್ ಟ್ಯೂಡರ್. ಆತ 1093ರಲ್ಲಿ ಮಡಿದನು. ಆತನ ಮಗ ಗ್ರಿಫಿದ್ ಆಪ್ ರೀಸ್. ಅವನ ಮಗ ಮತ್ತೆ ರೀಸ್ ಆಪ್ ಗ್ರಿಫಿದ್. 1176ರಲ್ಲಿ ಕವಿಗಳನ್ನೂ ಗಾಯಕರನ್ನೂ ಕರೆಸಿ ತನ್ನ ಕೋಟೆಯಲ್ಲಿ ಸ್ಪರ್ಧೆ ನಡೆಸಿದನೆಂದು ಪ್ರಸಿದ್ಧನಾದವನು ಈ ಮೂರನೆಯವನು. ಅವನ ಮಗ ಮತ್ತೆ ಗ್ರಿಫಿದ್ ಆಪ್ ರೀಸ್. ಅಜ್ಜನ ಹೆಸರು ಮೊಮ್ಮಗನಿಗೆ. ತಂದೆಯ ಹೆಸರು ಮಗನ ಹೆಸರಿನ ಬೆನ್ನಿಗೆ. ಒಂದು ತಲೆಮಾರಿಗೆ ಹಿಂದೆ ನಿಂತ ಹೆಸರು ಮುಂದಿನ ತಲೆಮಾರಿಗೆ ಮುಂದೆ ಬರುವುದು.

ನಮ್ಮ ಪಹಣಿಗಳನ್ನೂ ಕ್ರಯಪತ್ರಗಳನ್ನೂ ಓದಿರುವವರಿಗೆ ಇದು ಹೊಸದಲ್ಲ. ‘ಮುನಿಯಪ್ಪ ಬಿನ್ ಪಿಳ್ಳಪ್ಪ’ ಎಂದು ಶ್ಯಾನುಭೋಗರು ಬರೆದ ಸಾಲಿನಲ್ಲಿ ನಡುವೆಯಿರುವ ಬಿನ್ ಎಂಬುದು ಅರಬ್ಬೀ ಮಾತು. ಅದರ ಅರ್ಥವೂ ಮಗನೆಂದೇ. ವೇಲ್ಸಿನ ಆಪ್ ಮತ್ತು ನಮ್ಮ ಬಿನ್ ಒಂದೇ ಕೆಲಸ ಮಾಡುವ ಎರಡು ಮಾತುಗಳು. ಹೆಂಗಸರ ವಿಷಯದಲ್ಲಿ ಮಾತ್ರ ಭೇದವುಂಟು. ವೇಲ್ಸಿನಲ್ಲಿ ಹೆಣ್ಣು ಮದುವೆಯಾದ ಮೇಲೂ ಇಂತಹವನ ಮಗಳೆಂದೇ ಕರೆಸಿಕೊಳ್ಳುತ್ತಿದ್ದಳು. ನಮ್ಮ ದಾಖಲೆಗಳಲ್ಲಿ ‘ಲಕ್ಷ್ಮಮ್ಮ ಕೋಂ ಮುನಿಯಪ್ಪ’ ಎಂದು ಬರೆದು ಆಕೆಯನ್ನು ಇಂತಹವನ ಹೆಂಡತಿಯೆಂದು ಗುರುತಿಸಿದರು. ತವರಿನ ಗುರುತು ಅಲ್ಲಿಗೆ ಅಳಿಸಿತು.

ಪ್ರತಿ ತಲೆಮಾರಿಗೂ ಬದಲಾಗುತ್ತಿದ್ದ ಈ ಹೆಸರು ಕದಲದೆ ನಿಂತುದು ಹೇಗೆ? ನಿಲ್ಲಿಸಿದವರು ಕುಲದ ಹಿರಿಯರಲ್ಲ, ಗುಮಾಸ್ತರು. ಇಂಗ್ಲೆಂಡಿನಲ್ಲಿ ಸುಮಾರು 1400ರ ಹೊತ್ತಿಗೆ ಬಹುಮಂದಿಗೆ ವಂಶನಾಮಗಳು ನೆಲೆಗೊಂಡಿದ್ದುವು. 1536ರಿಂದ 1543ರೊಳಗೆ ಎಂಟನೆಯ ಹೆನ್ರಿಯ ಕಾಲದ ಶಾಸನಗಳು ವೇಲ್ಸನ್ನು ಇಂಗ್ಲೆಂಡಿನ ಕಾನೂನಿಗೆ ಒಳಪಡಿಸಿದುವು. 1538ರಲ್ಲಿ, ಸ್ನಾನದೀಕ್ಷೆ, ಮದುವೆ, ಶವಸಂಸ್ಕಾರಗಳನ್ನು ಪ್ರತಿಯೊಂದು ಚರ್ಚಿನಲ್ಲಿಯೂ ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ಹೊರಟಿತು. ನ್ಯಾಯಾಲಯದ ಗುಮಾಸ್ತನಿಗೆ ಏಳು ತಲೆಮಾರಿನ ಸರಪಳಿಯನ್ನು ಬರೆಯುವ ತಾಳ್ಮೆಯಿಲ್ಲ. ಅವನಿಗೆ ಬೇಕಾದುದು ಒಂದೇ ಹೆಸರು. ಮೊದಲು ಸಿರಿವಂತರೂ, ಬಹುಕಾಲದ ಮೇಲೆ ಬಡವರೂ ಇದಕ್ಕೆ ಒಗ್ಗಿದರು. ಆ ಗಳಿಗೆಯಲ್ಲಿ ಯಾರ ತಂದೆಗೆ ರೀಸ್ ಎಂಬ ಹೆಸರಿದ್ದಿತೋ ಅವರ ಸಂತತಿಯೆಲ್ಲ ಎಂದೆಂದಿಗೂ ರೈಸರಾಗಿಯೋ ರೀಸರಾಗಿಯೋ ಉಳಿದರು. ಕೆಲವೆಡೆ ‘ಆಪ್ ರೀಸ್’ ಎಂಬೆರಡು ಮಾತುಗಳು ಬೆಸೆದುಕೊಂಡು, ಮೊದಲಿನ ಸ್ವರ ಬಿದ್ದುಹೋಗಿ, ಪ್ರೈಸ್ ಎಂಬ ಹೆಸರು ಹುಟ್ಟಿತು. ಬೆಲೆಯೆಂಬ ಅರ್ಥಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ರೀಸನ ಮಗನೆಂಬ ಮಾತಿನ ಸವೆದ ರೂಪ.

ಹೀಗೆ ಗಟ್ಟಿಯಾದ ಹೆಸರು ದೇಶಗಳನ್ನು ದಾಟಿತು. ಐರ್ಲೆಂಡಿನ ಕೆರಿ ಮತ್ತು ಲೌತ್ ಪ್ರಾಂತಗಳಲ್ಲಿ ರೈಸರು ನೆಲೆಸಿದರು. ಬಡಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕ್ರಿಶ್ಚಿಯನ್ ಬ್ರದರ್ಸ್ ಎಂಬ ಸಂಸ್ಥೆಯನ್ನು ಕಟ್ಟಿದ ಎಡ್ಮಂಡ್ ಇಗ್ನೇಷಿಯಸ್ ರೈಸ್ (1762–1844) ಐರ್ಲೆಂಡಿನವರೇ. ಅದೇ ಹೆಸರಿನ ಮತ್ತೊಬ್ಬ ಎಡ್ಮಂಡ್ ರೈಸ್ ಎಂಬಾತ 1638ರ ವೇಳೆಗೆ ಅಮೆರಿಕದ ಮ್ಯಾಸಚೂಸೆಟ್ಸ್ ಸೇರಿ ಸಡ್‌ಬರಿಯಲ್ಲಿ ನೆಲೆಸಿದನು. ಆತನ ಸಂತತಿಯವರು ತಮ್ಮದೇ ಆದ ಸಂಘವನ್ನು ಇಟ್ಟುಕೊಂಡು ವಂಶಾವಳಿಯನ್ನು ಕಾಪಾಡುತ್ತಿದ್ದಾರೆ. ಅಮೆರಿಕ ದೇಶವೊಂದರಲ್ಲಿಯೇ ಈ ಹೆಸರುಳ್ಳವರು ಒಂದು ಲಕ್ಷಕ್ಕೂ ಮೀರಿದ್ದಾರೆ. ಆದರೆ ಇವರೆಲ್ಲರೂ ಒಂದೇ ರಕ್ತದವರೆಂದು ತಿಳಿಯಲಾಗದು. ರೀಸ್ ಎಂಬ ತಂದೆಯರು ವೇಲ್ಸಿನಲ್ಲಿ ಊರಿಗೆ ಹಲವರಿದ್ದರು. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಬೇರೆ ಹೆಸರಿನ ಮನೆತನಗಳು ಕೆಲವು, ಉಚ್ಚಾರಣೆ ಹತ್ತಿರವಾದುದರಿಂದ ರೈಸ್ ಎಂದು ಬರೆದುಕೊಂಡುವು. 1865ರಲ್ಲಿ ಗುಲಾಮಗಿರಿ ಅಳಿದಾಗ ಬಿಡುಗಡೆ ಹೊಂದಿದ ಕರಿಯ ಜನರಲ್ಲಿ ಅನೇಕರು ಒಡೆಯರ ವಂಶನಾಮಗಳನ್ನೋ, ತಮಗೆ ತೋರಿದ ಬೇರೆ ಹೆಸರುಗಳನ್ನೋ ಧರಿಸಿದರು. ಆದಕಾರಣ ವಂಶನಾಮವೆಂಬುದು ರಕ್ತದ ಸಾಕ್ಷಿಯಲ್ಲ. ಯಾವುದೋ ಒಂದು ದಿನ ಯಾರೋ ಒಬ್ಬರು ಪುಸ್ತಕದಲ್ಲಿ ಬರೆದುಕೊಂಡುದರ ಸಾಕ್ಷಿ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಿಂದಿರುಗೋಣ. ಇಲ್ಲಿ ಕನ್ನಡವೂ ತೆಲುಗೂ ಅಕ್ಕಪಕ್ಕದಲ್ಲಿ ಬಾಳಿವೆ. ಹೆಸರಿಡುವ ಕ್ರಮದಲ್ಲಿಯೂ ಎರಡು ಪದ್ಧತಿಗಳು ಬೆರೆತಿವೆ. ತೆಲುಗು ಮನೆತನಗಳಿಗೆ ಇಂಟಿಪೇರು ಎಂಬುದುಂಟು. ಅದು ಅನೇಕ ವೇಳೆ ಪೂರ್ವಿಕರು ಬಿಟ್ಟುಬಂದ ಊರಿನ ಹೆಸರು. ಅದು ಮನುಷ್ಯನ ಹೆಸರಿಗಿಂತ ಮುಂದೆ ನಿಲ್ಲುವುದು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನ ಮುಂದೆ ಮುದ್ದೇನಹಳ್ಳಿಯಿಲ್ಲ. ಮೋಕ್ಷಗುಂಡವೆಂಬ ಆಂಧ್ರದ ಊರಿದೆ. ಪೂರ್ವಿಕರು ಅಲ್ಲಿಂದ ಬಂದವರು. ಆ ಮನೆಯವರು ಎಂದೋ ನಡೆದುಬಂದ ದಾರಿಯು ‘ಎಂ’ ಎಂಬ ಒಂದು ಅಕ್ಷರದಲ್ಲಿ ಅಡಗಿದೆ. ನೆರೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಗುಂಡಪ್ಪನವರ ಹೆಸರಿನ ‘ಡಿ’ ಎಂಬುದು ದೇವನಹಳ್ಳಿ. ‘ವಿ’ ಎಂಬುದು ತಂದೆ ವೆಂಕಟರಮಣಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ನರಸಿಂಹಯ್ಯನವರನ್ನು ಜನ ಎಚ್. ಎನ್. ಎಂದು ಕರೆದರು. ಅದರಲ್ಲಿ ಎಚ್ ಹೊಸೂರು. ಎನ್ ತಂದೆಯಲ್ಲ, ಅವರೇ.

ನಾಲ್ಕನೆಯ ಉದಾಹರಣೆ ಇನ್ನೂ ವಿಚಿತ್ರವಾದುದು. ರಸಾಯನವಿಜ್ಞಾನಿಗಳಾದ ಸಿ. ಎನ್. ಆರ್. ರಾವ್ ಅವರು ಬೆಂಗಳೂರಿನಲ್ಲಿ 1934ರಲ್ಲಿ ಹುಟ್ಟಿದವರು. ಚಿಂತಾಮಣಿ ಎಂಬುದು ಅವರ ಮೊದಲ ಅಕ್ಷರ. ನಾಗೇಶ ಎಂಬುದು ತಂದೆಯ ಹೆಸರು. ರಾಮಚಂದ್ರ ಎಂಬುದು ಅವರದು. ರಾವ್ ಎಂಬುದು ಗೌರವಕ್ಕೆ ಸೇರಿಸುವ ಮಾತು. ಲೋಕದ ವಿಜ್ಞಾನ ಪತ್ರಿಕೆಗಳು ಕೊನೆಯ ಮಾತನ್ನೇ ವಂಶನಾಮವೆಂದು ಹಿಡಿದು ಅವರನ್ನು ರಾವ್ ಎಂದೇ ಎತ್ತಿಹೇಳುತ್ತವೆ. ತಾಲ್ಲೂಕಿನ ಹೆಸರು ‘ಸಿ’ ಎಂಬ ಅಕ್ಷರವಾಗಿ ಹಿಂದೆ ಸರಿಯಿತು. ಗೌರವದ ಮಾತು ಕುಲದ ಹೆಸರಾಗಿ ಮುಂದೆ ನಿಂತಿತು.

ಹೀಗೆ ವೇಲ್ಸಿನಲ್ಲಿ 16ನೆಯ ಶತಮಾನದಲ್ಲಿ ಮೊದಲಾದ ಕೆಲಸ ನಮ್ಮಲ್ಲಿ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಎರಡು ಮನೆಗಳುಂಟು: ಒಂದು ತನ್ನ ಹೆಸರಿಗೆ, ಇನ್ನೊಂದು ವಂಶನಾಮಕ್ಕೆ. ಚಿಂತಾಮಣಿಯ ತರುಣನೊಬ್ಬನು ಎರಡನೆಯ ಮನೆಯಲ್ಲಿ ಏನು ಬರೆಯಬೇಕು? ಖಾಲಿ ಬಿಟ್ಟರೆ ತೊಂದರೆ. 2022ರ ನವೆಂಬರಿನಲ್ಲಿ ಅರಬ್ ಎಮಿರೇಟುಗಳು, ಒಂದೇ ಪದದ ಹೆಸರುಳ್ಳ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲವೆಂದು ವಿಧಿಸಿದುವು. ತಂದೆಯ ಹೆಸರನ್ನು ಬರೆದರೆ ಪರದೇಶದಲ್ಲಿ ಎಲ್ಲರೂ ಅವನನ್ನು ತಂದೆಯ ಹೆಸರಿನಿಂದಲೇ ಕರೆಯುವರು. ಅಲ್ಲಿ ಹುಟ್ಟುವ ಮಗುವಿಗೂ ಆ ಅಜ್ಜನ ಹೆಸರೇ ವಂಶನಾಮವಾಗುವುದು. ಊರಿನ ಹೆಸರನ್ನು ಬರೆದರೆ ಆ ಊರನ್ನು ಕಾಣದ ಮೊಮ್ಮಕ್ಕಳೂ ಅದನ್ನು ಹೊರುವರು. ಗೌಡ, ರೆಡ್ಡಿ ಎಂಬುದನ್ನು ಬರೆದರೆ ಜಾತಿಯೋ ಹುದ್ದೆಯೋ ಹೆಸರಿಗೆ ಅಂಟಿಕೊಳ್ಳುವುದು. ಐದು ನಿಮಿಷದಲ್ಲಿ ತುಂಬಿದ ಒಂದು ಚೌಕ ಐದು ತಲೆಮಾರಿಗೆ ಉಳಿಯುವಂತಹುದು. ತಾಯಿಯ ಹೆಸರಾಗಲಿ ಆಕೆಯ ತವರೂರಾಗಲಿ ಆ ಚೌಕದೊಳಗೆ ಕಾಲಿಡುವುದೇ ಅಪೂರ್ವ.

ಇದನ್ನು ತಡೆಯಬೇಕೆಂದು ನಾವು ಹೇಳುವುದಿಲ್ಲ, ತಡೆಯಲೂ ಆಗದು. ಹೆಸರುಗಳು ಸವೆಯುವುದು ಲೋಕಸ್ವಭಾವ. ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ವಂಶನಾಮದಿಂದ ಇದೇ ಸೀಮೆಯಲ್ಲಿ ಬೌರಿಂಗ್‌ಪೇಟೆಯೆಂಬ ಊರಾಯಿತು. ಜನರ ನಾಲಗೆ ಅದನ್ನು ಬಂಗಾರಪೇಟೆಯಾಗಿ ಮಾಡಿಕೊಂಡಿತು. ಈಗ ಅಲ್ಲಿ ಬೌರಿಂಗರನ್ನು ನೆನೆಯುವವರು ಎಷ್ಟು ಮಂದಿ? ಆದರೆ ಬೌರಿಂಗರ ಹೆಸರು ಚರಿತ್ರೆಯ ಪುಸ್ತಕದಲ್ಲಿ ಬಿಡಿಸಿ ಬರೆದಿರುವುದರಿಂದ ಬೇಕೆಂದವರಿಗೆ ಸಿಕ್ಕುತ್ತದೆ. ನಮ್ಮ ಮನೆಗಳ ಅಕ್ಷರಗಳನ್ನು ಬಿಡಿಸಿ ಬರೆದವರು ಯಾರೂ ಇಲ್ಲ.

ರೈಸ್ ಅವರ ಸಂಪುಟದಲ್ಲಿಯೂ ಈ ತಾಲ್ಲೂಕುಗಳ ಹೆಸರನ್ನು ಎರಡೆರಡು ಅಕ್ಷರಗಳಿಗೆ ಇಳಿಸಿ ಶಾಸನಗಳಿಗೆ ಅಂಕೆ ಕೊಟ್ಟಿದೆ. ಆದರೆ ಆ ಸಂಕೇತದ ಪಕ್ಕದಲ್ಲಿ ಊರಿನ ಪೂರ್ಣ ಹೆಸರೂ, ಕಲ್ಲು ನಿಂತಿರುವ ಜಾಗವೂ ಬರೆದಿದೆ. ಆದುದರಿಂದಲೇ ನೂರಕ್ಕೂ ಹೆಚ್ಚು ವರ್ಷಗಳ ಮೇಲೂ ಒಬ್ಬನು ಆ ಪುಸ್ತಕವನ್ನು ಹಿಡಿದು ಹೋಗಿ ಆ ಕಲ್ಲನ್ನು ಹುಡುಕಬಹುದು. ಸಂಕ್ಷೇಪ ದೋಷವಲ್ಲ, ಸಂಕ್ಷೇಪವನ್ನು ಬಿಡಿಸುವ ಕೀಲಿಯನ್ನು ಕಳೆದುಕೊಳ್ಳುವುದು ದೋಷ.

ಆದಕಾರಣ ಕೇಳುತ್ತಿರುವ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ನಮ್ಮ ವಿಜ್ಞಾಪನೆ ಒಂದೇ. ಮನೆಯಲ್ಲಿರುವ ಯಾವುದಾದರೂ ಪುಸ್ತಕದ ಮೊದಲ ಹಾಳೆಯಲ್ಲಿ ನಿಮ್ಮ ಹೆಸರಿನ ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ಬರೆದಿಡಿ: ಇದು ಊರು, ಇದು ತಂದೆ, ಇದು ನಾನು. ಅದರ ಕೆಳಗೆ ತಾಯಿಯ ಹೆಸರನ್ನೂ ಆಕೆಯ ತವರನ್ನೂ ಬರೆಯಿರಿ. ಅಜ್ಜಿಯ ಊರು ಯಾವುದೆಂದು ತಿಳಿದವರು ಮನೆಯಲ್ಲಿ ಇನ್ನೂ ಇದ್ದರೆ, ಇಂದೇ ಕೇಳಿ ಅದನ್ನೂ ಸೇರಿಸಿರಿ. ಅರ್ಜಿಯ ಚೌಕದಲ್ಲಿ ಮಕ್ಕಳು ಏನನ್ನಾದರೂ ತುಂಬಲಿ. ಅವರು ತುಂಬಿದುದು ಏನು, ಬಿಟ್ಟುದು ಏನು ಎಂಬುದನ್ನು ಆ ಹಾಳೆ ಹೇಳುತ್ತದೆ.