ಅಧಿಕ ಬೆಲೆಯನ್ನು ಯಾವಾಗ ತೆರಬೇಕು?

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ಈ ಉಪನ್ಯಾಸಮಾಲೆಯಲ್ಲಿ ಭಾಷೆ, ಸಾಹಿತ್ಯ, ಶಾಲೆಯ ಚರಿತ್ರೆ ಮುಂತಾದ ವಿಷಯಗಳ ಕುರಿತು ವಿದ್ವಾಂಸರು ಮಾತನಾಡಿದ್ದಾರೆ. ಇಂದಿನ ವಿಷಯವನ್ನು ಆರಿಸಿದವರು ಹತ್ತನೆಯ ತರಗತಿಯ ಮಕ್ಕಳು. ಕಾಸರಗೋಡಿನ ನೆಲಕ್ಕೂ ಕಾಲ್ಚೆಂಡಿಗೂ ಇರುವ ನಂಟು ತಮಗೆಲ್ಲ ತಿಳಿದದ್ದೇ. ವಿಶ್ವಕಪ್ ಬಂತೆಂದರೆ ನಮ್ಮ ಪೇಟೆಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್ ದೇಶಗಳ ಧ್ವಜಗಳು ಹಾರಾಡುತ್ತವೆ. ತೃಕ್ಕರಿಪುರದ ಕಡೆ ಸೆವೆನ್ಸ್ ಪಂದ್ಯಾಟವೆಂದರೆ ಊರಿಗೆ ಊರೇ ಸೇರುತ್ತದೆ. ಸಂಜೆ ಮೈದಾನದಲ್ಲಿ ಚೆಂಡೊದೆಯುವ ಮಕ್ಕಳೇ ರಾತ್ರಿ ಗಣಕಯಂತ್ರದಲ್ಲೋ ಮೊಬೈಲಿನಲ್ಲೋ ತಂಡವನ್ನು ನಡೆಸುವ ಆಟದಲ್ಲಿ ಮುಳುಗುತ್ತಾರೆ. ಆ ಆಟದಲ್ಲಿ ಅವರನ್ನು ಬಹುವಾಗಿ ಕಾಡುವ ಪ್ರಶ್ನೆ ಒಂದೇ: ಒಬ್ಬ ಆಟಗಾರನಿಗೆ ಅವನ ಯೋಗ್ಯತೆಗಿಂತ ಹೆಚ್ಚು ಬೆಲೆ ಕೊಡುವುದು ಯಾವಾಗ ಸರಿ?

ಹಿರಿಯರಿಗಾಗಿ ಆಟದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಇಂಗ್ಲೆಂಡಿನ ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಸಹೋದರರು ರಚಿಸಿದ ಇಂತಹ ಒಂದು ಆಟವು 1992ರಲ್ಲಿ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂಬ ಹೆಸರಿನಿಂದ ಹೊರಬಂತು. 2004ರಿಂದ ಅವರ ಆಟಕ್ಕೆ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹೆಸರಾಯಿತು. ಇಲ್ಲಿ ಆಡುವವನು ಚೆಂಡನ್ನು ಒದೆಯುವುದಿಲ್ಲ. ಕ್ಲಬ್ಬಿನ ಆಡಳಿತ ಮಂಡಳಿಯು ಅವನಿಗೆ ಎರಡು ಮೊತ್ತಗಳನ್ನು ಗೊತ್ತುಪಡಿಸುತ್ತದೆ. ಒಂದು ಆಟಗಾರರನ್ನು ಕೊಳ್ಳಲು, ಇನ್ನೊಂದು ಅವರ ವೇತನಕ್ಕೆ. ಅಷ್ಟರೊಳಗೆ ತಂಡ ಕಟ್ಟಿ ಮಂಡಳಿಯ ನಿರೀಕ್ಷೆಯನ್ನು ಪೂರೈಸಬೇಕು, ಇಲ್ಲವಾದರೆ ಹುದ್ದೆ ಬಿಡಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿ ನಾವು ಈ ಭಾಷಣವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆ ಗಾದೆ ಎಷ್ಟು ಖರ್ಚು ಮಾಡಬೇಕೆಂಬುದನ್ನು ಹೇಳುತ್ತದೆ. ಯಾವುದಕ್ಕೆ ಎಂಬುದನ್ನು ಹೇಳುವುದಿಲ್ಲ. ನಮ್ಮ ಕೃಷಿಕರನ್ನೇ ನೋಡಿರಿ. ತೋಟಕ್ಕೆ ನೀರು ಬರುವ ದಾರಿಯಲ್ಲಿ ನೆರೆಯವರ ಹತ್ತು ಸೆಂಟ್ಸ್ ಜಾಗವಿದ್ದರೆ, ಅದನ್ನು ಪೇಟೆಯ ಧಾರಣೆಗಿಂತ ಹೆಚ್ಚು ಕೊಟ್ಟು ಕೊಳ್ಳುವ ಯಜಮಾನರನ್ನು ಯಾರೂ ದುಂದುಗಾರರೆನ್ನುವುದಿಲ್ಲ. ಆ ತುಂಡು ಭೂಮಿ ಉಳಿದವರಿಗೆ ಬರಿಯ ಹತ್ತು ಸೆಂಟ್ಸ್. ಅವರಿಗಾದರೋ ಇಡೀ ತೋಟದ ಜೀವ. ಬೆಲೆ ಎಂಬುದು ಪೇಟೆಗೆ ಸೇರಿದ್ದು, ಮೌಲ್ಯವೆಂಬುದು ಕೊಳ್ಳುವವನ ಕೊರತೆಗೆ ಸೇರಿದ್ದು. ಆದುದರಿಂದ ಅಧಿಕ ಬೆಲೆಯನ್ನು ತೆರುವ ಮೊದಲು ಕೇಳಬೇಕಾದ ಮೊದಲನೆಯ ಪ್ರಶ್ನೆ: ಈ ಒಂದು ಸ್ಥಾನದ ಕೊರತೆಯಿಂದ ಉಳಿದ ಹತ್ತು ಮಂದಿಯ ಶ್ರಮ ವ್ಯರ್ಥವಾಗುತ್ತಿದೆಯೇ?

ಲಿವರ್‌ಪೂಲ್ ಕ್ಲಬ್ಬಿನ ಉದಾಹರಣೆ ಇಲ್ಲಿ ಯೋಗ್ಯವಾದದ್ದು. ಗೋಲು ಹೊಡೆಯುವವರಿಗೆ ಅಲ್ಲಿ ಬರವಿರಲಿಲ್ಲ. ಹೊಡೆದದ್ದನ್ನು ಹಿಂದಿನ ಸಾಲು ಬಿಟ್ಟುಕೊಡುತ್ತಿತ್ತು. 2017ರ ಬೇಸಗೆಯಲ್ಲಿ ಅವರು ಸೌತಾಂಪ್ಟನ್ನಿನ ವರ್ಜಿಲ್ ವಾನ್ ಡೈಕ್‌ನನ್ನು ಬಯಸಿದರು. ವ್ಯವಹಾರ ಕುದುರಲಿಲ್ಲ. ಅವನ ಬದಲಿಗೆ ಸಿಕ್ಕ ಇನ್ನೊಬ್ಬನನ್ನು ತರಾತುರಿಯಿಂದ ಕೊಳ್ಳದೆ ಕಾದು, 2018ರ ಜನವರಿಯಲ್ಲಿ 7.5 ಕೋಟಿ ಪೌಂಡಿಗೆ ಅವನನ್ನೇ ತಂದರು. ರಕ್ಷಣಾ ಆಟಗಾರನೊಬ್ಬನಿಗೆ ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ಕೊಟ್ಟಿರಲಿಲ್ಲ. 2017-18ರ ಲೀಗಿನಲ್ಲಿ 38 ಗೋಲು ಬಿಟ್ಟುಕೊಟ್ಟಿದ್ದ ತಂಡ ಮರುವರ್ಷ ಬಿಟ್ಟುಕೊಟ್ಟದ್ದು 22. 2019ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್, 2020ರಲ್ಲಿ ಮೂವತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ಲೀಗ್ ಪ್ರಶಸ್ತಿ ಕೈಸೇರಿದವು.

ಎರಡನೆಯ ಪ್ರಶ್ನೆ: ಆ ಹಣ ಕೈಯಲ್ಲಿದೆಯೋ, ಬರಬಹುದೆಂಬ ಆಸೆಯಲ್ಲಿದೆಯೋ? ವಾನ್ ಡೈಕ್ ಬಂದ ತಿಂಗಳಲ್ಲೇ ಲಿವರ್‌ಪೂಲ್ ತನ್ನ ಫಿಲಿಪೆ ಕುಟಿನ್ಯೊನನ್ನು ಬಾರ್ಸಿಲೋನಾಕ್ಕೆ ಅದಕ್ಕಿಂತಲೂ ದೊಡ್ಡ ಮೊತ್ತಕ್ಕೆ ಮಾರಿತ್ತು. ಇದರ ಪಕ್ಕದಲ್ಲಿ ಲೀಡ್ಸ್ ಯುನೈಟೆಡ್‌ನ ಕಥೆಯನ್ನಿಡೋಣ. 2000ದ ನವೆಂಬರಿನಲ್ಲಿ ಆ ಕ್ಲಬ್ಬು ರಿಯೊ ಫರ್ಡಿನಾಂಡ್ ಎಂಬ ರಕ್ಷಣಾ ಆಟಗಾರನನ್ನು 1.8 ಕೋಟಿ ಪೌಂಡಿಗೆ ಕೊಂಡಿತು. ಅದೂ ಆ ಕಾಲಕ್ಕೆ ವಿಶ್ವದಾಖಲೆಯೇ. ಆಟಗಾರ ಒಳ್ಳೆಯವನೇ, 2001ರಲ್ಲಿ ತಂಡ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತಲುಪಿತು. ಎರಡು ವರ್ಷ ತುಂಬುವ ಮೊದಲೇ ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನು ಸುಮಾರು 3 ಕೋಟಿ ಪೌಂಡಿಗೆ ಕೊಂಡುಕೊಂಡಿತು. ಹಾಗಾದರೆ ಲೀಡ್ಸ್‌ಗೆ ಲಾಭವೇ ಆಯಿತಲ್ಲ ಎಂದು ಮಕ್ಕಳು ಕೇಳಬಹುದು. ಆ ಒಂದು ವ್ಯವಹಾರದಲ್ಲಿ ಲಾಭವೇ. ಆದರೆ ಅವನಂತಹ ಹಲವರನ್ನು ಕ್ಲಬ್ಬು ಕೊಂಡದ್ದು ಮುಂಬರುವ ವರ್ಷಗಳ ಟಿಕೆಟ್ ಆದಾಯವನ್ನು ಒತ್ತೆಯಿಟ್ಟು ತಂದ ಸಾಲದ ಹಣದಿಂದ, ಪ್ರತಿವರ್ಷವೂ ಚಾಂಪಿಯನ್ಸ್ ಲೀಗಿನ ವರಮಾನ ಬರುತ್ತದೆ ಎಂಬ ಭರವಸೆಯಿಂದ. 2001ರಲ್ಲಿ ತಂಡ ಲೀಗಿನಲ್ಲಿ ನಾಲ್ಕನೆಯದಾಯಿತು. ಚಾಂಪಿಯನ್ಸ್ ಲೀಗಿಗೆ ಆಗ ಪ್ರವೇಶವಿದ್ದದ್ದು ಮೊದಲ ಮೂರಕ್ಕೆ. ಒಂದೇ ಒಂದು ಸ್ಥಾನ ತಪ್ಪಿದ್ದರಿಂದ ಲೆಕ್ಕವೆಲ್ಲ ತಲೆಕೆಳಗಾಯಿತು. ಆಟಗಾರರನ್ನು ಒಬ್ಬೊಬ್ಬರಾಗಿ ಮಾರಿದರೂ ಕ್ಲಬ್ಬು 2004ರಲ್ಲಿ ಎರಡನೆಯ ದರ್ಜೆಗೆ, 2007ರಲ್ಲಿ ಮೂರನೆಯ ದರ್ಜೆಗೆ ಕುಸಿಯಿತು. ಇಬ್ಬರು ರಕ್ಷಣಾ ಆಟಗಾರರು, ಎರಡೂ ವಿಶ್ವದಾಖಲೆಯ ಬೆಲೆಗಳು, ಇಬ್ಬರೂ ಸಮರ್ಥರು. ಒಂದು ಕ್ಲಬ್ಬು ಏರಿತು, ಇನ್ನೊಂದು ಇಳಿಯಿತು. ವ್ಯತ್ಯಾಸವು ಬೆಲೆಯಲ್ಲಿರಲಿಲ್ಲ, ಹಣದ ಮೂಲದಲ್ಲಿತ್ತು.

ಮೂರನೆಯ ಪ್ರಶ್ನೆ: ನಿಜವಾದ ವೆಚ್ಚ ಎಷ್ಟು? ಮಕ್ಕಳೇ, ಇದು ಗಣಿತ. ಆಟದಲ್ಲಿ ನೀವು 5 ಕೋಟಿ ಪೌಂಡು ಕೊಟ್ಟು ಒಬ್ಬನನ್ನು ಐದು ವರ್ಷದ ಕರಾರಿನ ಮೇಲೆ ತರುತ್ತೀರಿ, ವಾರಕ್ಕೆ 1 ಲಕ್ಷ ಪೌಂಡು ವೇತನ ಒಪ್ಪುತ್ತೀರಿ ಎಂದಿಟ್ಟುಕೊಳ್ಳಿರಿ. ವರ್ಷಕ್ಕೆ 52 ಲಕ್ಷ, ಐದು ವರ್ಷಕ್ಕೆ 2 ಕೋಟಿ 60 ಲಕ್ಷ. ಅಂದರೆ ನೀವು ಕೊಂಡದ್ದು 5 ಕೋಟಿಯ ಆಟಗಾರನನ್ನಲ್ಲ, 7 ಕೋಟಿ 60 ಲಕ್ಷದವನನ್ನು. ಅಷ್ಟಕ್ಕೂ ಅದು ನಿಲ್ಲುವುದಿಲ್ಲ. ಹೊಸಬನ ವೇತನವನ್ನು ಕಂಡ ಹಳಬರು ತಮಗೂ ಅಷ್ಟೇ ಬೇಕೆನ್ನುತ್ತಾರೆ. ಕೊಳ್ಳುವ ಬೆಲೆ ಒಂದು ಸಲದ ನೋವು. ವೇತನವಾದರೋ ಅವನು ಗಾಯಗೊಂಡು ಮಲಗಿದರೂ ವಾರವಾರವೂ ತೆರಬೇಕಾದದ್ದು. ಇಪ್ಪತ್ತನಾಲ್ಕರ ವಯಸ್ಸಿನವನಾದರೆ ಮುಂದೆ ಮಾರಿ ಒಂದಷ್ಟನ್ನು ಹಿಂಪಡೆಯಬಹುದು. ಮೂವತ್ತೆರಡರವನಿಗೆ ಕೊಟ್ಟ ಬೆಲೆ ಬಹುಮಟ್ಟಿಗೆ ಮರಳಿ ಬಾರದು.

ನಾಲ್ಕನೆಯ ಪ್ರಶ್ನೆ: ನಮ್ಮ ಅವಸರ ಮಾರುವವನಿಗೆ ತಿಳಿದಿದೆಯೇ? 2017ರ ಆಗಸ್ಟಿನಲ್ಲಿ ನೇಮಾರ್‌ನನ್ನು ಪ್ಯಾರಿಸ್ಸಿಗೆ ಕಳುಹಿಸಿ ಬಾರ್ಸಿಲೋನಾ 22 ಕೋಟಿ 20 ಲಕ್ಷ ಯೂರೋ ಪಡೆಯಿತು. ಅವರ ಜೇಬಿನಲ್ಲಿ ಎಷ್ಟಿದೆ, ಅವರಿಗೆ ಯಾವ ಸ್ಥಾನ ಬರಿದಾಗಿದೆ ಎಂಬುದು ಲೋಕಕ್ಕೆಲ್ಲ ತಿಳಿಯಿತು. ಮಾರುವವರು ಬೆಲೆ ಏರಿಸಿದರು. ಡೆಂಬೆಲೆ ಮತ್ತು ಕುಟಿನ್ಯೊ ಇಬ್ಬರಿಗೇ ಆ ಮೊತ್ತವನ್ನು ಮೀರಿದ ಒಪ್ಪಂದಗಳಾದವು. ಅದೇ ಕುಟಿನ್ಯೊ ಎರವಲಾಗಿ ಹೋದ ಬಯರ್ನ್ ಮ್ಯೂನಿಕ್ ಪರವಾಗಿ 2020ರಲ್ಲಿ ಬಾರ್ಸಿಲೋನಾದ ಮೇಲೆಯೇ ಎರಡು ಗೋಲು ಹೊಡೆದನು. ಆ ಪಂದ್ಯವನ್ನು ಬಾರ್ಸಿಲೋನಾ 2-8ರಿಂದ ಸೋತಿತು. 2021ರಲ್ಲಿ ಲೀಗಿನ ಹಣಕಾಸು ನಿಯಮಗಳ ಕಟ್ಟಿನೊಳಗೆ ಮೆಸ್ಸಿಯನ್ನೇ ಉಳಿಸಿಕೊಳ್ಳಲಾಗಲಿಲ್ಲ. ಕೈಯಲ್ಲಿ ಹಣವಿದ್ದರಷ್ಟೇ ಸಾಲದು, ತಾಳ್ಮೆಯೂ ಬೇಕು. ವರ್ಗಾವಣೆಯ ಅವಧಿ ಮುಗಿಯುವ ಕೊನೆಯ ದಿನ ತೆರುವ ಅಧಿಕ ಬೆಲೆಯಲ್ಲಿ ಬಹುಪಾಲು ಭಯದ ಬೆಲೆ.

ಮಕ್ಕಳಿಗೆ ಇನ್ನೊಂದು ಕಿವಿಮಾತು. ನಿಮ್ಮ ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಇಂದಿನ ಸಾಮರ್ಥ್ಯವೆಂದು ಒಂದು, ತಲುಪಬಹುದಾದ ಸಾಮರ್ಥ್ಯವೆಂದು ಒಂದು, ಹೀಗೆ 200ರೊಳಗಿನ ಎರಡು ಅಂಕಗಳು ಮರೆಯಲ್ಲಿರುತ್ತವೆ. ನಿಮಗೆ ಕಾಣುವುದು ಪರಿಶೀಲಕರ ಅಂದಾಜು ಮಾತ್ರ. ಇಂದಿನ ಕೊರತೆ ತುಂಬಲು ಹೆಚ್ಚು ಕೊಡಿರಿ. ಹದಿನೇಳರ ಹುಡುಗ ಮುಂದೆ ಏನಾದಾನೆಂಬ ಕನಸಿಗೆ ಅಳೆದು ಕೊಡಿರಿ. ಸೋತೊಡನೆ ಹಿಂದೆ ಉಳಿಸಿಟ್ಟ ಹಂತಕ್ಕೆ ಮರಳಿ ಪುನಃ ಆಡುವ ಅಭ್ಯಾಸವನ್ನು ಬಿಡಿರಿ. ಮರಳಲು ದಾರಿಯಿದ್ದಾಗ ಯಾರೂ ಎರಡು ಸಲ ಯೋಚಿಸುವುದಿಲ್ಲ.

ಇನ್ನು ಹಿರಿಯರಲ್ಲಿ ಒಂದು ಅರಿಕೆ. ಶತಮಾನೋತ್ಸವ ನಿಧಿಯ ವಿನಿಯೋಗ ನಮ್ಮ ಮುಂದಿದೆ. ಮಹಾದ್ವಾರವಾಗಲಿ ಎಂಬವರಿದ್ದಾರೆ, ಸಭಾಂಗಣವಾಗಲಿ ಎಂಬವರೂ ಇದ್ದಾರೆ. ಕನ್ನಡದಲ್ಲಿ ಗಣಿತ ಕಲಿಸಬಲ್ಲ ಅಧ್ಯಾಪಕರ ಸ್ಥಾನ ತೆರವಾದಾಗಲೆಲ್ಲ ನಾವು ದಿನಗೂಲಿಯ ಮೇಲೆ ಒಬ್ಬರನ್ನು ಹುಡುಕುತ್ತೇವೆ. ಉತ್ತಮರು ಹೆಚ್ಚು ಸಿಗುವಲ್ಲಿಗೆ ಹೋಗುತ್ತಾರೆ. ಪಾಠ ಅರ್ಥವಾಗದ ಮಗು ಕನ್ನಡ ವಿಭಾಗವನ್ನು ಬಿಡುತ್ತದೆ, ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಉಳಿದ ಅಧ್ಯಾಪಕರ ಶ್ರಮವೂ ನೆಲೆಯಿಲ್ಲದ್ದಾಗುತ್ತದೆ. ತೋಟಕ್ಕೆ ನೀರಿನ ದಾರಿಯೆಂದು ನಾವು ಮೊದಲು ಹೇಳಿದ್ದು ಇದನ್ನೇ. ಈ ಒಂದು ಸ್ಥಾನಕ್ಕೆ ವಾಡಿಕೆಗಿಂತ ಹೆಚ್ಚು ಸಂಭಾವನೆ ಕೊಡುವುದು ದುಂದು ಎಂದು ನಮಗೆ ತೋರುವುದಿಲ್ಲ. ಆದರೆ ಅದನ್ನು ಕೊಡಬೇಕಾದದ್ದು ಬ್ಯಾಂಕಿನಲ್ಲಿ ಈಗಾಗಲೇ ಇರುವ ಹಣದಿಂದ. ವೇದಿಕೆಯ ಮೇಲೆ ಘೋಷಣೆಯಾಗಿ ಇನ್ನೂ ಬಾರದಿರುವ ದೇಣಿಗೆಯನ್ನು ನಂಬಿ ಅಲ್ಲ. ಒಂದು ವರ್ಷ ಕೊಟ್ಟು ಮರುವರ್ಷ ಕೈಬಿಡುವುದಕ್ಕಿಂತ, ಐದು ವರ್ಷಕ್ಕೆ ಎಷ್ಟಾಗುತ್ತದೆಂದು ಮೊದಲೇ ಕೂಡಿಸಿ ನೋಡೋಣ. ಲೆಕ್ಕ ಹಾಕಲು ನಮ್ಮ ಹತ್ತನೆಯ ತರಗತಿಯ ಮಕ್ಕಳು ಸಿದ್ಧರಿದ್ದಾರೆ.